ಮನವಿ ತೆಗೆದುಕೊಂಡವರು ಒಂದು ಪ್ರಶ್ನೆಯನ್ನಾದರೂ ಕೇಳಿ

ಕರ್ನಾಟಕ ವಿಧಾನಸಭೆಯ ಮಾನ್ಯ ಸಭಾಧ್ಯಕ್ಷರಿಗೆ ಹಾಗೂ ವಿಧಾನ ಪರಿಷತ್ತಿನ ಮಾನ್ಯ ಸಭಾಪತಿಗಳಿಗೆ ಗೋಕಾಕದಿಂದ ನಮಸ್ಕಾರಗಳು.

ವಿಷಯ: ಬೆಳಗಾವಿ ಅಧಿವೇಶನದ ಅವಧಿಯಲ್ಲಿ ಸದನ ಸಮಿತಿಗಳು ಜನರ ಅಹವಾಲನ್ನು ಬಹಿರಂಗವಾಗಿ ಆಲಿಸುವ ಕುರಿತು.

ನಾನು ತಾಲ್ಲೂಕು ಕಚೇರಿಯ ಸಮೀಪ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ವಾರಸಾ ಅರ್ಜಿ, ಬಾಡಿಗೆ ಕರಾರು, ಅಫಿಡವಿಟ್, ಪಹಣಿ ತಿದ್ದುಪಡಿಯ ಕೋರಿಕೆ, ಇವು ನನ್ನ ಹೊಟ್ಟೆಪಾಡು. ಬೆಳಗಾವಿ ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ಮರುದಿನದಿಂದ ಅಂಗಡಿಯ ಚಹರೆಯೇ ಬದಲಾಗುತ್ತದೆ. ರೈತ ಸಂಘದವರು, ಆಶಾ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು, ನದಿಯ ನೆರೆಯಲ್ಲಿ ಗೋಡೆ ಬಿದ್ದು ಪರಿಹಾರದ ಕಂತು ಅರ್ಧಕ್ಕೇ ನಿಂತವರು, ಎಲ್ಲರೂ ಮನವಿ ಪತ್ರ ಬರೆಸಲು ಬರುತ್ತಾರೆ. ಕೆಲವರಂತೂ ಕುರ್ಚಿಯಲ್ಲಿ ಕೂರುವುದೂ ಇಲ್ಲ. ‘ಹೋದ ವರ್ಷದ್ದು ಕಂಪ್ಯೂಟರಿನಲ್ಲಿ ಇರಬೇಕಲ್ಲ, ತೆಗೆಯಿರಿ’ ಎನ್ನುತ್ತಾರೆ. ತೆಗೆಯುತ್ತೇನೆ. ವರ್ಷ ಬದಲಿಸುತ್ತೇನೆ, ಮಂತ್ರಿಗಳ ಹೆಸರು ಬದಲಿಸುತ್ತೇನೆ, ಕಬ್ಬಿನ ಮನವಿಯಾದರೆ ದರದ ಅಂಕಿಯನ್ನೂ ಬದಲಿಸುತ್ತೇನೆ. ಉಳಿದ ಸಾಲುಗಳು ಹಾಗೆಯೇ ಇರುತ್ತವೆ. ಇದರಿಂದ ನನ್ನ ಕೆಲಸ ಹಗುರಾಗುತ್ತದೆ ನಿಜ. ಆದರೆ ಒಂದೇ ಮನವಿ ವರ್ಷ ವರ್ಷವೂ ಅಕ್ಷರ ಅಲುಗದೆ ಅಧಿವೇಶನಕ್ಕೆ ಹೋಗುತ್ತಿದೆಯೆಂದರೆ ಅದನ್ನು ಅಲ್ಲಿ ಯಾರೂ ಓದಿ ತಿರುಗಿ ಏನನ್ನೂ ಕೇಳಿಲ್ಲ ಎಂದೇ ಅರ್ಥ. ಈ ಪತ್ರ ಅದರ ಬಗ್ಗೆ.

ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದದ್ದು 2006ರಲ್ಲಿ, ಅದೂ ಬೇರೆ ಸಂಸ್ಥೆಯ ಆವರಣದಲ್ಲಿ. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರು ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಉತ್ತರ ಕರ್ನಾಟಕದ ಮಾತು ಇನ್ನು ಇಲ್ಲಿಯೇ ಕೇಳುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಹೆದ್ದಾರಿಯ ಪಕ್ಕ ಎತ್ತರದಲ್ಲಿ ನಿಂತ ಆ ಕಟ್ಟಡ ಚೆನ್ನಾಗಿಯೇ ಇದೆ. ಜನರಿಗೆ ನಿಗದಿಯಾದ ಜಾಗ ಮಾತ್ರ ಅದರ ಹೊರಗೆ, ಸುವರ್ಣ ಗಾರ್ಡನ್ ಬಳಿಯ ಟೆಂಟುಗಳಲ್ಲಿ ಮತ್ತು ಕೊಂಡಸಕೊಪ್ಪದ ಬಯಲಿನಲ್ಲಿ. ಯಾವ ಸಂಘಟನೆಗೆ ಯಾವ ದಿನ, ಯಾವ ಟೆಂಟು ಎಂಬುದನ್ನು ಪೊಲೀಸರು ಹಂಚುತ್ತಾರೆ. ಅದರಲ್ಲಿ ನನಗೆ ತಕರಾರಿಲ್ಲ. ಶಾಂತಿಯುತವಾಗಿ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ, ಸೇರಿದವರಿಗೆ ನೆರಳು, ನೀರು, ಶೌಚಾಲಯ ಒದಗಿಸುವುದು ಜಿಲ್ಲಾಡಳಿತದ ಕೆಲಸ. ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದನ್ನು ತಾವು ಒಮ್ಮೆ ನೋಡಬೇಕು.

ಹಲಗೆಯ ಸದ್ದು, ಹಸಿರು ಶಾಲು, ಬಾರುಕೋಲು ಹಿಡಿದವರ ಘೋಷಣೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಸಚಿವರೋ, ಅವರ ಪರವಾಗಿ ಒಬ್ಬ ಅಧಿಕಾರಿಯೋ ಬರುತ್ತಾರೆ. ಮೈಕ್ ಕೈಗೆ ಬರುತ್ತದೆ. ‘ನಿಮ್ಮ ಬೇಡಿಕೆ ನ್ಯಾಯಯುತವಾಗಿದೆ, ಮುಖ್ಯಮಂತ್ರಿಗಳ ಗಮನಕ್ಕೆ ತರುತ್ತೇನೆ’ ಎನ್ನುತ್ತಾರೆ. ಎಡಗಡೆ ಕೊಡುವವರು, ಬಲಗಡೆ ತೆಗೆದುಕೊಳ್ಳುವವರು, ನಡುವೆ ನಾನು ಟೈಪ್ ಮಾಡಿದ ಹಾಳೆ, ಎದುರಿಗೆ ಕ್ಯಾಮೆರಾ. ಹಾಳೆ ಆಪ್ತ ಸಹಾಯಕರ ಕೈಗೆ ಹೋಗುತ್ತದೆ, ಅವರ ಕೈಯಲ್ಲಿ ಆಗಲೇ ಒಂದು ಕಟ್ಟು ಇರುತ್ತದೆ. ಸಂಘಟನೆಯ ಮುಖಂಡರಿಗೆ ಮರುದಿನದ ಪತ್ರಿಕೆಯಲ್ಲಿ ಫೋಟೊ ಸಿಗುತ್ತದೆ, ಸರ್ಕಾರಕ್ಕೆ ಸ್ಪಂದಿಸಿದ ಹೆಸರು ಸಿಗುತ್ತದೆ. ಮನವಿಯಲ್ಲಿ ಬರೆದದ್ದು ನಿಜವೇ, ಲೆಕ್ಕ ಸರಿಯಿದೆಯೇ, ಹೀಗೆ ಮಾಡಿದರೆ ಇನ್ನೊಬ್ಬರಿಗೆ ತೊಂದರೆ ಆಗುವುದಿಲ್ಲವೇ ಎಂದು ಆ ಟೆಂಟಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಲು ಅಲ್ಲಿ ಸಮಯವೂ ಇಲ್ಲ, ವ್ಯವಸ್ಥೆಯೂ ಇಲ್ಲ.

ಕಬ್ಬಿನ ದರವನ್ನೇ ತೆಗೆದುಕೊಳ್ಳಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲೂ ರಾತ್ರಿ ರಸ್ತೆಯಲ್ಲಿ ಕುಳಿತರು. ಬೇಡಿಕೆ ಟನ್ನಿಗೆ 3,500 ರೂಪಾಯಿ. ಕೇಂದ್ರ ಸರ್ಕಾರ ಆ ಹಂಗಾಮಿಗೆ ನಿಗದಿ ಮಾಡಿದ್ದ ನ್ಯಾಯೋಚಿತ ದರ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಬೆಂಗಳೂರಿನಲ್ಲಿ ಕುಳಿತು ಟಿ.ವಿ. ನೋಡಿದವರು, ಕೇಂದ್ರದ ದರವೇ ಹೆಚ್ಚಿರುವಾಗ ಈ ರೈತರು ಕಡಿಮೆ ಕೇಳುತ್ತ ಯಾಕೆ ರಸ್ತೆಗಿಳಿದಿದ್ದಾರೆ ಎಂದು ತಲೆ ಕೆರೆದುಕೊಂಡಿರಬೇಕು. ಗಂಟು ಇರುವುದು ಕಟಾವು ಮತ್ತು ಸಾಗಣೆಯ ವೆಚ್ಚದಲ್ಲಿ. ಕೇಂದ್ರದ ದರ ಕಾರ್ಖಾನೆಯ ಗೇಟಿನಲ್ಲಿ ಒಪ್ಪಿಸಿದ ಕಬ್ಬಿಗೆ. ಕಡಿಯುವ ಗ್ಯಾಂಗು, ಸಾಗಿಸುವ ಟ್ರ್ಯಾಕ್ಟರು ಎರಡನ್ನೂ ಕಾರ್ಖಾನೆಯೇ ಗೊತ್ತು ಮಾಡಿ, ಅದರ ಖರ್ಚನ್ನು ರೈತನ ಬಿಲ್ಲಿನಲ್ಲಿ ಕಳೆಯುತ್ತದೆ. ರೈತ ಕೇಳಿದ್ದು ಅದೆಲ್ಲ ಕಳೆದ ಮೇಲೆ ಕೈಗೆ ಬರುವ ದುಡ್ಡನ್ನು.

ಇನ್ನೊಂದು ಗಂಟು ಇಳುವರಿ. ಆ 355 ರೂಪಾಯಿ ಶೇಕಡಾ 10.25ರಷ್ಟು ಸಕ್ಕರೆ ಇಳುವರಿಗೆ, ಅಂದರೆ ನೂರು ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ ಬಂದರೆ. ಇಳುವರಿ 0.1ರಷ್ಟು ಏರಿದರೆ ಕ್ವಿಂಟಲಿಗೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ, 9.5ರ ಕೆಳಗೆ ಹೋದರೆ ಮಾತ್ರ ಮತ್ತೆ ಕಡಿತವಿಲ್ಲ. ಈ ಇಳುವರಿಯನ್ನು ಅಳೆಯುವುದು ಕಾರ್ಖಾನೆಯ ಒಳಗೆ. ಕಬ್ಬಿನ ಹಾಲನ್ನೋ ಮೊಲಾಸಿಸನ್ನೋ ಎಥೆನಾಲ್‌ಗೆ ತಿರುಗಿಸಿದಾಗ ಸಕ್ಕರೆಯ ಇಳುವರಿ ಕಾಗದದ ಮೇಲೆ ಕಡಿಮೆ ಕಾಣುತ್ತದೆ, ಅದನ್ನು ಸರಿದೂಗಿಸಿ ಲೆಕ್ಕ ಹಾಕಬೇಕು. ಸರಿದೂಗಿಸಿದ್ದಾರೋ ಇಲ್ಲವೋ ಎಂದು ಮೂಡಲಗಿಯ ರೈತ ಎಲ್ಲಿ ಹೋಗಿ ನೋಡಬೇಕು? ಗೇಟಿನ ಹತ್ತಿರದ ಹೊಲಕ್ಕೂ ದೂರದ ಊರಿನ ಹೊಲಕ್ಕೂ ಸಾಗಣೆಯ ವೆಚ್ಚವನ್ನು ಹೇಗೆ ಹಂಚುತ್ತಾರೆ? ಗ್ಯಾಂಗಿನವರು ಹೊಲಕ್ಕೆ ಬಂದು ಬೇರೆಯಾಗಿ ಕೇಳುವ ಹಣ ಯಾವ ಖಾತೆಗೆ ಸೇರುತ್ತದೆ? ಕಾರ್ಖಾನೆಯವರಿಗೂ ಹೇಳಿಕೊಳ್ಳಲು ಇದೆ: ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ಕಿಲೋಗೆ 31 ರೂಪಾಯಿಗೆ ಏರಿಸಿತು. ಅಲ್ಲಿಂದ ಗುರ್ಲಾಪುರದ ಧರಣಿಯವರೆಗೂ ಕಬ್ಬಿನ ದರ ಏರುತ್ತ ಬಂತು, ಸಕ್ಕರೆಯ ಕನಿಷ್ಠ ಬೆಲೆ ಅಲ್ಲೇ ನಿಂತಿತ್ತು. ಎರಡೂ ಕಡೆಯವರನ್ನು ಕೂರಿಸಿ, ಲೆಕ್ಕದ ಪುಸ್ತಕ ತರಿಸಿ, ಒಂದೊಂದು ಸಾಲಿಗೂ ಪ್ರಶ್ನೆ ಹಾಕಬೇಕಾದ ವಿಷಯ ಇದು. ಆಗಿದ್ದೇನು? ರಸ್ತೆ ಬಂದಾಯಿತು, ಬೆಂಗಳೂರಿನಲ್ಲಿ ಒಂದು ಸಭೆಯಾಯಿತು, 3,300 ರೂಪಾಯಿ ಎಂಬ ಅಂಕಿ ಹೊರಬಿತ್ತು. ಆ ಅಂಕಿ ಎಲ್ಲಿಂದ ಬಂತು ಎಂದು ನನ್ನ ಅಂಗಡಿಗೆ ಬಂದವರು ನನ್ನನ್ನೇ ಕೇಳುತ್ತಿದ್ದರು!

ಇದೇ ಕಬ್ಬಿನ ದರಕ್ಕಾಗಿ 2013ರ ನವೆಂಬರ್‌ನಲ್ಲಿ, ಸುವರ್ಣ ಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದಾಗ, ಪ್ರತಿಭಟನೆಗೆ ಬಂದಿದ್ದ ರೈತರೊಬ್ಬರು ವಿಷ ಕುಡಿದು ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಎಳೆದು ತರುವುದಿಲ್ಲ. ತಮ್ಮ ಸದನದ ಕಡತಗಳಲ್ಲಿ ಆ ದಿನದ ಚರ್ಚೆ ಇರುತ್ತದೆ, ದಯವಿಟ್ಟು ಓದಿ. ಕಬ್ಬು ಖರೀದಿಗೆ ಕಾಯ್ದೆ ಇದೆ, ನಿಯಂತ್ರಣ ಮಂಡಳಿ ಇದೆ. ಆದರೂ 2025ರಲ್ಲಿ ಗುರ್ಲಾಪುರದ ರಸ್ತೆಯೇ ಬೇಕಾಯಿತು.

ಪರಿಸರದ ವಿಷಯದಲ್ಲಿ ಕಾನೂನು ಇನ್ನೂ ಒಂದು ಹೆಜ್ಜೆ ಮುಂದಿದೆ ಎನ್ನಬೇಕು. ಅಲ್ಲಿ ಜನರ ಮಾತು ಕೇಳುವುದು ಕಡ್ಡಾಯ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ದೊಡ್ಡ ಕಾರ್ಖಾನೆ ಬರುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು. ವರದಿಯ ಸಾರಾಂಶ ಕನ್ನಡದಲ್ಲಿಯೂ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೊ ಚಿತ್ರೀಕರಣ ಆಗಬೇಕು. ಇಷ್ಟು ಜನ ಬರಲೇಬೇಕೆಂಬ ಕೋರಂ ಇಲ್ಲ. ಕೊನೆಗೆ ಜನ ಎತ್ತಿದ ವಿಷಯಗಳನ್ನು ಅವರ ಭಾಷೆಯಲ್ಲೇ ಓದಿ ಹೇಳಿ, ಅದೇ ದಿನ ಸಹಿ ಮಾಡಬೇಕು. ಓದಿದರೆ ಸೊಗಸಾಗಿದೆ.

ನಮ್ಮ ಸುತ್ತಿನ ಒಂದು ಊರಿನಲ್ಲಿ ಕಾರ್ಖಾನೆಯ ವಿಸ್ತರಣೆಗೆ ಅಂಥ ಸಭೆ ಗೊತ್ತಾದಾಗ, ಆ ಊರಿನ ಹುಡುಗರು ವರದಿಯ ಪ್ರತಿ ಮಾಡಿಸಲು ನನ್ನ ಅಂಗಡಿಗೆ ಬಂದರು. ಪಂಚಾಯಿತಿಯಲ್ಲಿ ಇಟ್ಟಿದ್ದ ಪ್ರತಿಯೇ ಝೆರಾಕ್ಸಿನ ಝೆರಾಕ್ಸ್. ಕಾರ್ಖಾನೆಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ ನಕ್ಷೆ ಮೂಲದಲ್ಲಿ ಬಣ್ಣದ್ದು, ಅದನ್ನು ಕಪ್ಪು ಬಿಳುಪಿನಲ್ಲಿ ತೆಗೆದಿದ್ದರು. ಹಳ್ಳ, ಕಾಲುವೆ, ಡಾಂಬರು ರಸ್ತೆ, ತಾಲ್ಲೂಕಿನ ಗಡಿ, ನಾಲ್ಕೂ ಒಂದೇ ಕರಿ ಗೆರೆ. ಊರುಗಳ ಹೆಸರಿನ ಜಾಗದಲ್ಲಿ ಮಸಿಯ ಚುಕ್ಕಿ. ಯಂತ್ರದ ಮುಂದೆ ದಿನ ಕಳೆಯುವ ನನಗೇ ಆ ಹುಡುಗರ ಊರು ಯಾವುದು, ಹಳ್ಳ ಎಲ್ಲಿ ಎಂದು ತೋರಿಸಲಾಗಲಿಲ್ಲ. ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ನಕ್ಷೆಯಲ್ಲೇ ಇದ್ದಿರಬೇಕು.

ಸಭೆಗೆ ನಾನೂ ಹೋಗಿದ್ದೆ. ಶಾಮಿಯಾನದ ಮುಂದಿನ ಸಾಲುಗಳಲ್ಲಿ ಬೆಳಿಗ್ಗೆಯೇ ಬಸ್ಸಿನಲ್ಲಿ ಬಂದಿಳಿದ ಕೆಲಸಗಾರರು ಕುಳಿತಿದ್ದರು. ವಿಸ್ತರಣೆಯಾದರೆ ಉದ್ಯೋಗ ಬರುತ್ತದೆ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಮ್ಮ ಕಡೆಯ ಹುಡುಗರಿಗೆ ಕೆಲಸ ಬೇಕು. ಆಮೇಲೆ ಒಬ್ಬ ಅಜ್ಜಿ ಎದ್ದು ನಿಂತು, ನಮ್ಮ ಬೋರಿನ ನೀರು ಚಹಾದ ಬಣ್ಣಕ್ಕೆ ತಿರುಗಿದೆ, ಎಮ್ಮೆಯೂ ಮೂಸಿ ನೋಡಿ ಬಿಡುತ್ತದೆ ಎಂದರು. ವರದಿ ತಯಾರಿಸಿದ ಸಂಸ್ಥೆಯವರು, ಕಾರ್ಖಾನೆಯಿಂದ ಒಂದು ಹನಿ ತ್ಯಾಜ್ಯವೂ ಹೊರಗೆ ಬರುವುದಿಲ್ಲ ಎಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಹಾಗಾದರೆ ರಾತ್ರಿ ಹಳ್ಳದಲ್ಲಿ ಬರುವುದೇನು ಎಂದು ಅಜ್ಜಿ ಕೇಳಿದರು. ವೇದಿಕೆಯ ಮೇಲಿದ್ದ ಯಾರಾದರೂ, ‘ಯಾವ ಹಳ್ಳ? ಯಾವ ತಿಂಗಳು? ನೀರಿನ ಮಾದರಿ ಯಾರು ತೆಗೆದರು?’ ಎಂದು ಕೇಳಿದ್ದರೆ ಸಭೆ ಸಾರ್ಥಕವಾಗುತ್ತಿತ್ತು. ಮೈಕ್ ಮುಂದಿನವರ ಕೈಗೆ ಹೋಯಿತು. ಕೊನೆಗೆ ಓದಿ ಹೇಳಬೇಕಾದದ್ದನ್ನು ಓದಿ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ, ಅಷ್ಟರಲ್ಲಿ ಜನ ಊಟದ ಡೇರೆಯ ಕಡೆ ಹೊರಟಿದ್ದರು. ಆಮೇಲೆ ನಡಾವಳಿಯ ಪ್ರತಿಯೂ ನನ್ನ ಯಂತ್ರದ ಮೇಲೆಯೇ ಬಂತು. ಅದರಲ್ಲಿ ಅಜ್ಜಿಯ ಮಾತು ಒಂದು ಸಾಲು: ನೀರಿನ ಬಗ್ಗೆ ವಿಚಾರಿಸಿದರು, ಸೂಕ್ತ ಉತ್ತರ ನೀಡಲಾಯಿತು.

ಇದಕ್ಕೆ ಆ ಅಧಿಕಾರಿಯೊಬ್ಬರನ್ನೇ ದೂರುವುದು ಸರಿಯಲ್ಲ. ಬೆಳಿಗ್ಗೆ ಈ ಸಭೆ, ಮಧ್ಯಾಹ್ನ ಬೆಳೆ ಹಾನಿ ಸಮೀಕ್ಷೆ, ಸಂಜೆ ವಿಡಿಯೊ ಕಾನ್ಫರೆನ್ಸ್ ಇರುವ ಮನುಷ್ಯ ರಾಸಾಯನಿಕಗಳ ಬಗ್ಗೆ ಮರುಪ್ರಶ್ನೆ ಹಾಕಲಾರ. ಮೇಲಾಗಿ ಅಂತಿಮ ತೀರ್ಮಾನ ಅವರದ್ದಲ್ಲ, ಅದು ಬೆಂಗಳೂರಿನ ಅಥವಾ ದೆಹಲಿಯ ಪ್ರಾಧಿಕಾರದ್ದು. ಅವರ ಕೈಗೆ ಹೋಗುವುದು ಆ ಒಂದು ಸಾಲು. ಜೊತೆಗೆ ವಿನಾಯಿತಿಗಳ ಬಾಗಿಲು ಅಗಲವಾಗುತ್ತಲೇ ಇದೆ. ಪರಿಣಾಮ ಕಡಿಮೆ ಎಂದು ಬಿ2 ವರ್ಗಕ್ಕೆ ಸೇರಿಸಿದ ಯೋಜನೆಗಳಿಗೆ ಅಹವಾಲು ಸಭೆಯೇ ಬೇಕಿಲ್ಲ. ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗಾಗಿಯೇ ನಡೆಯುವ, ತ್ಯಾಜ್ಯ ನೀರು ಹೊರಬಿಡದ ಧಾನ್ಯಾಧಾರಿತ ಡಿಸ್ಟಿಲರಿಗಳನ್ನು 2021ರಲ್ಲಿ ಕೇಂದ್ರ ಆ ವರ್ಗಕ್ಕೆ ಸೇರಿಸಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಎಥೆನಾಲ್ ಎಂದರೆ ಪರದೇಶದ ಸುದ್ದಿಯಲ್ಲ ಎಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಹೊತ್ತಿನಲ್ಲಿ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಜಯಪುರ ಜಿಲ್ಲೆಯ ಕೂಡಗಿ ಇದೆ. 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಕ್ಕೆ ಪರಿಸರ ಅನುಮತಿ ಪಡೆಯುವಾಗ, ಬೇಕಾದ ಜಮೀನು ಬಹುಪಾಲು ಬರಡು ಎಂಬಂತೆ ಕಾಗದದಲ್ಲಿ ಹೇಳಲಾಗಿತ್ತು. ರೈತರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಜಮೀನಿನ ಬಗ್ಗೆ ಕೊಟ್ಟ ಮಾಹಿತಿ ಸರಿಯಿಲ್ಲ, ತಜ್ಞರ ಸಮಿತಿ ಮತ್ತೆ ಪರಿಶೀಲಿಸಬೇಕು ಎಂದು 2014ರ ಮಾರ್ಚ್‌ನಲ್ಲಿ ನ್ಯಾಯಮಂಡಳಿ ಹೇಳಿತು. ಅದೇ ವರ್ಷ ಜುಲೈನಲ್ಲಿ ಸ್ಥಾವರದ ಮುಂದೆ ನಡೆದ ಪ್ರತಿಭಟನೆಯಲ್ಲಿ ಪೊಲೀಸರು ಗುಂಡು ಹಾರಿಸಿದರು, ರೈತರು ಗಾಯಗೊಂಡರು. ಜಮೀನು ಬರಡೋ ನೀರಾವರಿಯೋ ಎಂಬುದನ್ನು ತಿಳಿಯಲು ಒಂದು ಪಹಣಿ, ಒಬ್ಬ ತಲಾಟಿ, ಹೊಲದ ಬದುವಿನ ಮೇಲೆ ಅರ್ಧ ತಾಸು ಸಾಕಿತ್ತು.

ಇನ್ನು ಗೋವೆಯ ಕಡೆ ಹರಿಯುವ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ವಿಷಯ. ಇಲ್ಲಿ ನನ್ನ ಗಿರಾಕಿಗಳೇ ಎರಡು ಪಕ್ಷ. ಮಲಪ್ರಭೆಗೆ ನೀರು ಬರಲಿ ಎನ್ನುವವರದ್ದೂ ನಾನೇ ಟೈಪ್ ಮಾಡಿದ್ದೇನೆ, ಖಾನಾಪುರದ ಕಾಡು ಉಳಿಯಲಿ ಎನ್ನುವವರದ್ದೂ ನಾನೇ ಟೈಪ್ ಮಾಡಿದ್ದೇನೆ. ಮಹದಾಯಿ ಜಲವಿವಾದ ನ್ಯಾಯಮಂಡಳಿಯ 2018ರ ಆಗಸ್ಟ್ 14ರ ತೀರ್ಪಿನಲ್ಲಿ ನಮ್ಮ ರಾಜ್ಯಕ್ಕೆ ಸಿಕ್ಕದ್ದು 13.42 ಟಿಎಂಸಿ ಎಂದು ಎಲ್ಲ ಬ್ಯಾನರುಗಳಲ್ಲೂ ಇದೆ. ಅದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ. ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.90 ಟಿಎಂಸಿ ಮಾತ್ರ ಮಲಪ್ರಭೆಗೆ ತಿರುಗುವ ನೀರು, ಅದೂ ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲಿನ ಕುಡಿಯುವ ಅಗತ್ಯಕ್ಕೆ. ನರಗುಂದ, ನವಲಗುಂದ, ಸವದತ್ತಿಯ ರೈತರು 2015ರಿಂದ ಧರಣಿ ಕೂತದ್ದು ಹೊಲಕ್ಕೆ ನೀರು ಬರುತ್ತದೆ ಎಂಬ ಆಸೆಯಿಂದಲೂ ಹೌದು. ಹೊಲಕ್ಕೆ ಎಷ್ಟು ಬರುತ್ತದೆ? ಪಟ್ಟಣಕ್ಕೆ ಈ ನೀರು ಸಿಕ್ಕರೆ ನವಿಲುತೀರ್ಥ ಜಲಾಶಯದ ನೀರು ಆ ಮಟ್ಟಿಗೆ ರೈತರಿಗೆ ಉಳಿಯುತ್ತದೆಯೇ? ಉಳಿಯುತ್ತದೆ ಎಂದು ಲಿಖಿತವಾಗಿ ಯಾರು ಕೊಡುತ್ತಾರೆ? ಭೀಮಗಡ ಅಭಯಾರಣ್ಯದ ಅಂಚಿನಲ್ಲಿ ಪೈಪು ಹೂಳುವಾಗ ಎಷ್ಟು ಮರ ಹೋಗುತ್ತವೆ, ಖಾನಾಪುರದ ಹಳ್ಳಗಳಲ್ಲಿ ಬೇಸಿಗೆಗೆ ಏನು ಉಳಿಯುತ್ತದೆ? ಈ ಪ್ರಶ್ನೆಗಳನ್ನು ನರಗುಂದದವರೂ ಖಾನಾಪುರದವರೂ ಒಂದೇ ಕೋಣೆಯಲ್ಲಿ ಕೂತು, ನೀರಾವರಿ ನಿಗಮದ ಎಂಜಿನಿಯರ್ ಎದುರಿಗಿರುವಾಗ ಕೇಳಿದ ದಿನ ನನ್ನ ನೆನಪಿನಲ್ಲಿಲ್ಲ. ಒಬ್ಬರಿಗೆ ಒಂದು ದಿನ ಟೆಂಟು, ಇನ್ನೊಬ್ಬರಿಗೆ ಇನ್ನೊಂದು ದಿನ ಟೆಂಟು. ಇಬ್ಬರ ಬೇಡಿಕೆಯೂ ನ್ಯಾಯಯುತವಾಗಿದೆ ಎಂದು ಹೇಳಿ ಕಳಿಸಲು ಸರ್ಕಾರಕ್ಕೆ ಇದಕ್ಕಿಂತ ಅನುಕೂಲದ ಏರ್ಪಾಡು ಬೇಕೇ?

ಆಲಮಟ್ಟಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಬಾಗಲಕೋಟೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು. ಅಣೆಕಟ್ಟೆಯ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ 75,563 ಎಕರೆ ಮುಳುಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಹಣ ಒಂದು ಪ್ರಶ್ನೆ. ಜಮೀನಿಲ್ಲದ ಕೂಲಿಯವರು, ಮೀನು ಹಿಡಿಯುವವರು, ಊರಿನ ಹೊಲಗಳನ್ನೇ ನಂಬಿದ ಬಡಿಗ ಕಮ್ಮಾರರು ಇನ್ನೊಂದು ಪ್ರಶ್ನೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಇಂಥವರ ಮಾತು ಕೇಳಲೆಂದೇ ಸಾಮಾಜಿಕ ಪರಿಣಾಮ ಅಧ್ಯಯನವೂ ಅದಕ್ಕೊಂದು ಅಹವಾಲು ಸಭೆಯೂ ಇವೆ. ನೀರಾವರಿ ಯೋಜನೆಗೆ ಬೇರೆ ಕಾನೂನಿನ ಪ್ರಕಾರ ಪರಿಸರ ಪರಿಣಾಮ ಅಧ್ಯಯನ ಆಗಬೇಕಿದ್ದರೆ ಈ ಸಾಮಾಜಿಕ ಅಧ್ಯಯನ ಬೇಕಿಲ್ಲ ಎಂಬ ಷರತ್ತು ಅದೇ ಕಾಯ್ದೆಯ 6ನೇ ಕಲಮಿನಲ್ಲಿದೆ. ಕಾನೂನು ಬಿಟ್ಟುಕೊಟ್ಟ ಆ ಜಾಗವನ್ನು ತುಂಬಬಲ್ಲದ್ದು ಶಾಸಕಾಂಗ ಮಾತ್ರ.

ಶಾಸಕಾಂಗಕ್ಕೆ ಜನರ ಮಾತು ಕೇಳುವ ಅಭ್ಯಾಸ ಇಲ್ಲವೇ? ಇದೆ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಮಂಡನೆಯಾದಾಗ ವಿರೋಧ ಬಂತು, ಮಸೂದೆ ಎರಡೂ ಸದನಗಳ ಜಂಟಿ ಸಮಿತಿಗೆ ಹೋಯಿತು. ಸಮಿತಿ ನಗರದ ನಿವಾಸಿಗಳ, ಸಂಘ ಸಂಸ್ಥೆಗಳ ಅಭಿಪ್ರಾಯ ಕೇಳಿತು, ವರದಿ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಮಸೂದೆ ಅಂಗೀಕಾರವಾಯಿತು. ಫಲಿತಾಂಶ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ, ಅದು ಬೇರೆ ಮಾತು. ಕೇಳಿದರು ಎಂಬುದಂತೂ ದಾಖಲೆಯಲ್ಲಿದೆ. ಅದಕ್ಕಿಂತ ನಾಲ್ಕು ವರ್ಷ ಮೊದಲು, 2020ರ ಜುಲೈನಲ್ಲಿ, ಕೊರೊನಾದಿಂದ ಜನ ಗುಂಪುಗೂಡುವಂತಿಲ್ಲದ ಹೊತ್ತಿನಲ್ಲಿ, ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಸುಗ್ರೀವಾಜ್ಞೆಯ ಮೂಲಕ ಹೋದವು. ಕೃಷಿಕರಲ್ಲದವರು ಹೊಲ ಕೊಳ್ಳಲು ಇದ್ದ ತಡೆ ಹೋಯಿತು. ಬೆಂಗಳೂರಿನ ವಾರ್ಡುಗಳನ್ನು ಹೇಗೆ ಹಂಚಬೇಕೆಂದು ಕೇಳಲು ಸಮಿತಿಗೆ ಪುರುಸೊತ್ತು ಸಿಕ್ಕಿತು, ಹೊಲ ಯಾರು ಕೊಳ್ಳಬಹುದೆಂದು ಕೇಳಲು ಯಾರೂ ನಮ್ಮ ಊರಿಗೆ ಬರಲಿಲ್ಲ. ಈ ಮಾತನ್ನು ಉತ್ತರ ದಕ್ಷಿಣದ ಜಗಳವೆಂದು ತಿಳಿಯಬೇಡಿ. ಬೆಂಗಳೂರಿಗೆ ಸಿಕ್ಕದ್ದು ಇಲ್ಲಿಗೂ ಸಿಗಲಿ ಎಂಬಷ್ಟೇ ಆಸೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ. ಬೆಳಗಾವಿ ಅಧಿವೇಶನದ ಅವಧಿಯಲ್ಲಿ ಎರಡು ದಿನಗಳನ್ನಾದರೂ ಸಮಿತಿಗಳ ಬಹಿರಂಗ ಅಹವಾಲಿಗೆ ಮೀಸಲಿಡಿ. ಅರ್ಜಿಗಳ ಸಮಿತಿ ಇದೆ, ಸರ್ಕಾರಿ ಭರವಸೆಗಳ ಸಮಿತಿ ಇದೆ, ಬೇಕಾದರೆ ಕಬ್ಬಿಗೆ, ನೀರಿಗೆ ಜಂಟಿ ಸದನ ಸಮಿತಿಯನ್ನೇ ರಚಿಸಬಹುದು. ಸಾಕ್ಷಿಗಳನ್ನು ಕರೆಸುವ, ಕಡತ ತರಿಸುವ ಅಧಿಕಾರ ಸಮಿತಿಗಳಿಗೆ ಇದೆ, ಟೆಂಟಿಗೆ ಬಂದ ಸಚಿವರ ಕೈಯಲ್ಲಿ ಆ ಹೊತ್ತಿಗೆ ಕಡತವೇ ಇರುವುದಿಲ್ಲ. ಮನವಿ ಕೊಡುವ ಸಂಘಟನೆಗಳಿಂದ ಮೊದಲೇ ಬರಹದಲ್ಲಿ ತರಿಸಿಕೊಂಡು, ಒಂದು ವಿಷಯದ ಪರ ಮತ್ತು ವಿರೋಧ ಇಬ್ಬರನ್ನೂ ಒಂದೇ ಹೊತ್ತಿಗೆ ಕರೆಯಿರಿ. ಇಲಾಖೆಯ ಕಾರ್ಯದರ್ಶಿ ಮಟ್ಟದವರು ಎದುರಿಗೆ ಇರಲಿ. ಶಾಸಕರು ಪ್ರಶ್ನೆ ಕೇಳಲಿ, ಮನವಿ ಕೊಟ್ಟವರನ್ನೂ ಬಿಡದೆ ಕೇಳಲಿ. ಅಂಕಿ ತಪ್ಪಿದ್ದರೆ ಅಲ್ಲಿಯೇ ಗೊತ್ತಾಗಲಿ. ಮುಂದಿನ ವರ್ಷ ನಾನು ಹಳೆಯ ಫೈಲ್ ತೆಗೆಯುವ ಬದಲು ಹೊಸದಾಗಿ ಟೈಪ್ ಮಾಡುವಂತಾಗಲಿ. ಮಾತುಮಾತಿನ ವರದಿ ಕನ್ನಡದಲ್ಲಿ ಪ್ರಕಟವಾಗಬೇಕು, ಇಲಾಖೆಯ ಉತ್ತರ ಮುಂದಿನ ಅಧಿವೇಶನದೊಳಗೆ ಸದನದ ಮುಂದೆ ಬರಬೇಕು. ಪರಿಸರ ಅಹವಾಲು ಸಭೆಗಳ ನಡಾವಳಿ ಮತ್ತು ವಿಡಿಯೊಗಳನ್ನು ಇದೇ ಸಮಿತಿ ತರಿಸಿ ನೋಡಲಿ. ಚಹಾ ಬಣ್ಣದ ನೀರಿಗೆ ಸಿಕ್ಕ ಸೂಕ್ತ ಉತ್ತರ ಯಾವುದು ಎಂದು ಒಬ್ಬ ಶಾಸಕರಾದರೂ ಕೇಳಲಿ.

ಸಮಿತಿಯ ಸಭೆಗಳು ಮುಚ್ಚಿದ ಬಾಗಿಲಿನ ಒಳಗೆ ನಡೆಯುವ ಪದ್ಧತಿ ಎಂದು ತಮ್ಮ ಕಾರ್ಯಾಲಯದವರು ನೆನಪಿಸಬಹುದು. ಸಮಿತಿಯ ಸದಸ್ಯರು ತಮ್ಮತಮ್ಮಲ್ಲಿ ಚರ್ಚಿಸುವಾಗ ಬಾಗಿಲು ಮುಚ್ಚಿರಲಿ, ಜನ ಮಾತಾಡುವಾಗ ತೆರೆದಿರಲಿ. ನಿಯಮ ಅಡ್ಡ ಬಂದರೆ ತಿದ್ದುವ ಅಧಿಕಾರ ಸದನಗಳದ್ದೇ. ಗದ್ದಲವಾಗುತ್ತದೆ ಎನ್ನುವವರೂ ಇರುತ್ತಾರೆ. 2024ರ ಡಿಸೆಂಬರ್ 10ರಂದು ಸುವರ್ಣ ಸೌಧದ ಹತ್ತಿರ ಮೀಸಲಾತಿಗಾಗಿ ನಡೆದ ಹೋರಾಟದಲ್ಲಿ ಲಾಠಿ ಬೀಸಿದ್ದನ್ನು ನಾಡೇ ನೋಡಿದೆ. ಆ ದಿನದ ಗದ್ದಲ ಒಳಗಿನ ಯಾವ ಅಹವಾಲು ಸಭೆಯಿಂದಲೂ ಹುಟ್ಟಿದ್ದಲ್ಲ. ರ‍್ಯಾಲಿಗಳು ನಿಲ್ಲಬೇಕೆಂದೂ ನಾನು ಹೇಳುತ್ತಿಲ್ಲ. ಊರಿನವರೆಲ್ಲ ಕೂಡಿ ಹೆಜ್ಜೆ ಹಾಕಿದಾಗ ಬರುವ ಬಲವೇ ಬೇರೆ, ಹತ್ತು ಜನರ ಸಮಿತಿ ಕೋಣೆಗೆ ಅದು ಬರುವುದಿಲ್ಲ. ಆದರೆ ಕಟಾವಿನ ವೆಚ್ಚವನ್ನು ಘೋಷಣೆ ಕೂಗಿ ಲೆಕ್ಕ ಹಾಕಲಾಗುವುದಿಲ್ಲ.

ಖಾನಾಪುರ, ನಿಪ್ಪಾಣಿ ಕಡೆಯಿಂದ ಬರುವ ಕೆಲವರಿಗೆ ಮರಾಠಿಯಲ್ಲಿ ಹೇಳುವುದು ಸುಲಭ. ಅವರ ಮಾತನ್ನು ಕನ್ನಡಕ್ಕೆ ತಂದು ಹೇಳುವ ಒಬ್ಬರು ಅಲ್ಲಿರಲಿ. ಕಾಡಿನ ಅಂಚಿನ ಹಳ್ಳಿಯವರ ದೂರನ್ನು ಗಡಿ ವಿವಾದದ ಲೆಕ್ಕಕ್ಕೆ ಸೇರಿಸಿ ಪಕ್ಕಕ್ಕಿಟ್ಟದ್ದು ಸಾಕಾಗಿದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2024ರ ಜುಲೈ 31ರಂದು ಆರನೆಯ ಸಲ ಪ್ರಕಟವಾಯಿತು. ಆಕ್ಷೇಪಣೆಯನ್ನು 60 ದಿನಗಳೊಳಗೆ ದೆಹಲಿಗೆ ಕಳುಹಿಸಬೇಕಿತ್ತು. ನನ್ನಲ್ಲಿ ಟೈಪ್ ಮಾಡಿಸಿದವರು ಅಂಚೆಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ಉತ್ತರವೆಂದು ಅವರ ಬಳಿ ಇರುವುದು ಅದೊಂದೇ.

ಕೊನೆಯದಾಗಿ ಏರ್ಪಾಡಿನ ಬಗ್ಗೆ ಎರಡು ಮಾತು. ಅಧಿವೇಶನ ಸಾಮಾನ್ಯವಾಗಿ ನಡೆಯುವ ಡಿಸೆಂಬರ್ ಕಬ್ಬಿನ ಹಂಗಾಮು. ಗ್ಯಾಂಗು ಹೊಲಕ್ಕೆ ಬಂದ ದಿನ ರೈತ ಊರು ಬಿಡಲಾರ, ಬಿಟ್ಟರೆ ಸರದಿ ತಪ್ಪುತ್ತದೆ. ಹೀಗಾಗಿ ಯಾವ ವಿಷಯ ಯಾವ ದಿನ ಎಂಬುದನ್ನು ಮೂರು ವಾರ ಮೊದಲೇ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಿ. ಇಂಡಿ, ಸಿಂದಗಿ ಕಡೆಯವರು ಬೆಳಗಿನ ಬಸ್ ಹಿಡಿದು ಬೆಳಗಾವಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ, ಅವರ ಸರದಿಯನ್ನು ಊಟದ ನಂತರ ಇಡಿ. ಹೆದ್ದಾರಿಯಿಂದ ಸೌಧದ ಗೇಟಿನವರೆಗೆ ವಯಸ್ಸಾದವರು ನಡೆಯಬೇಕಾಗದಂತೆ ಒಂದು ವಾಹನ ಇರಲಿ. ಬರಹದ ಮನವಿ ಎರಡು ಪುಟ ಮೀರಬಾರದು ಎಂದು ನಿಯಮ ಮಾಡಿ. ಪುಟದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ನನಗೆ ಅದರಿಂದ ನಷ್ಟವೇ, ಆದರೂ ಹೇಳುತ್ತಿದ್ದೇನೆ. ಜೊತೆಗೆ ಲಗತ್ತಿಸುವ ನಕ್ಷೆ ಮಾತ್ರ ಬಣ್ಣದ್ದೇ ಆಗಿರಬೇಕೆಂದು ಕಡ್ಡಾಯ ಮಾಡಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯವನು
ಗೋಕಾಕ, ಬೆಳಗಾವಿ ಜಿಲ್ಲೆ